ಒಂದು ಪಿಕ್ಸೆಲ್, ಒಂದು ಗುಂಟೆ

ಕಂಪ್ಯೂಟರಿನಲ್ಲಿ ನಕಾಶೆ ಬಿಡಿಸುವುದನ್ನು ಕಲಿಯಬೇಕು, ಎಲ್ಲಿಂದ ಶುರು ಮಾಡಲಿ ಎಂದು ಕೇಳಿದವರಿಗೆಲ್ಲ, ನಿಮ್ಮೂರ ಕೆರೆಯಿಂದ ಶುರು ಮಾಡಿ ಎನ್ನುತ್ತೇನೆ. ಪಾಠದ ಪುಸ್ತಕಗಳು ಸಾಮಾನ್ಯವಾಗಿ ಹಾಗೆ ಹೇಳುವುದಿಲ್ಲ. ಪ್ರಪಂಚದ ದೇಶಗಳ ಗಡಿ ಇರುವ ಫೈಲೊಂದನ್ನು ಕೈಗಿತ್ತು, ಜನ ಹೆಚ್ಚಿರುವ ದೇಶಕ್ಕೆ ಗಾಢ ಬಣ್ಣ, ಕಡಿಮೆ ಇರುವಲ್ಲಿ ತಿಳಿ ಬಣ್ಣ ಹಚ್ಚಿ ಎನ್ನುತ್ತವೆ. ಹಚ್ಚಬಹುದು. ಅರ್ಧ ಗಂಟೆಯಲ್ಲಿ ಪರದೆಯ ತುಂಬ ಚೆಂದದ ನಕಾಶೆಯೂ ಮೂಡುತ್ತದೆ. ಆದರೆ ಅದು ಸರಿಯೋ ತಪ್ಪೋ ಗೊತ್ತಾಗುವುದು ಹೇಗೆ? ಬ್ರೆಜಿಲ್ ದೇಶದ ಗಡಿ ಎರಡು ಕಿಲೋಮೀಟರ್ ಪಕ್ಕಕ್ಕೆ ಸರಿದು ಕೂತಿದ್ದರೂ ಕೋಲಾರದಲ್ಲಿರುವ ನನಗೆ ತಿಳಿಯದು. ಊರ ಕೆರೆಯ ತೂಬು ಇಪ್ಪತ್ತು ಮೀಟರ್ ಸರಿದರೆ ಮಾತ್ರ ತಕ್ಷಣ ಕಣ್ಣಿಗೆ ಹೊಡೆಯುತ್ತದೆ. ಆ ತೂಬಿನ ಕಲ್ಲಿನ ಮೇಲೆ ಕೂತು ಕಾಲು ಇಳಿಬಿಟ್ಟು ಬೆಳೆದವರು ನಾವು.

ನಾನು ಬಳಸುವುದು ಕ್ಯೂಜಿಐಎಸ್ ಎಂಬ ನಕಾಶೆಯ ಸಾಫ್ಟ್‌ವೇರ್. ಅಲಾಸ್ಕಾದ ಗ್ಯಾರಿ ಶರ್ಮನ್ 2002ರಲ್ಲಿ ಇದನ್ನು ಬರೆಯತೊಡಗಿದರು. 2009ರಲ್ಲಿ ಇದರ 1.0 ಆವೃತ್ತಿ ಬಂತು. ಈಗ ಜಗತ್ತಿನ ಎಷ್ಟೋ ಜನ ಸೇರಿ ಇದನ್ನು ಬೆಳೆಸುತ್ತಿದ್ದಾರೆ. ದುಡ್ಡು ಕೊಡಬೇಕಿಲ್ಲ, ಹಳೆಯ ಲ್ಯಾಪ್‌ಟಾಪಿನಲ್ಲೂ ನಡೆಯುತ್ತದೆ. ಇದನ್ನು ದೊಡ್ಡ ಮಾತೆಂದೇ ನಾನು ತಿಳಿಯುತ್ತೇನೆ. ನಮ್ಮಲ್ಲಿ ನಕಾಶೆ ಬಹಳ ಕಾಲ ಕಚೇರಿಯ ಬೀರುವಿನಲ್ಲೇ ಇದ್ದ ವಸ್ತು. 2021ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಹೊಸ ಮಾರ್ಗಸೂಚಿ ಹೊರಡಿಸಿ ನಿಯಮಗಳನ್ನು ಸಡಿಲಿಸಿತು. ಕಂದಾಯ ಇಲಾಖೆಯ ಜಾಲತಾಣದಲ್ಲಿ ಗ್ರಾಮ ನಕಾಶೆ ಸಿಗುತ್ತದೆ, ಸರ್ವೆ ಆಫ್ ಇಂಡಿಯಾದ 1:50,000 ಅಳತೆಯ ಹಾಳೆಗಳು ಸಿಗುತ್ತವೆ, ಇಸ್ರೋದ ಭುವನ್ ಇದೆ. ಸಾಮಗ್ರಿ ಕೈಗೆ ಬಂದಿದೆ, ಸಾಧನವೂ ಬಂದಿದೆ. ಪಹಣಿ ಓದಲು ಕಲಿತ ಹಾಗೆ ಊರಿನವರು ಇದನ್ನೂ ಕಲಿತುಕೊಳ್ಳಬೇಕು ಎನ್ನುವುದು ನನ್ನ ಆಸೆ.

ಕೋಲಾರ ಸೀಮೆಗೆ ಜೀವನದಿ ಇಲ್ಲ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಪಾಲಾರ್ ನಮ್ಮ ಜಿಲ್ಲೆ ಹಾದು, ಆಂಧ್ರ ದಾಟಿ ತಮಿಳುನಾಡಿಗೆ ಹೋಗುತ್ತದೆ ನಿಜ, ಆದರೆ ವರ್ಷದ ಬಹುಪಾಲು ಅದರಲ್ಲಿ ಕಾಣುವುದು ಒಣ ಮರಳು. ಅದಕ್ಕೇ ಹಿಂದಿನವರು ಸಾಲಾಗಿ ಕೆರೆ ಕಟ್ಟಿದರು. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನದಕ್ಕೆ ನೀರು, ಅದು ತುಂಬಿದರೆ ಅದರ ಕೆಳಗಿನದಕ್ಕೆ. ನಮ್ಮ ಮನೆತನದ್ದು ನೀರುಗಂಟಿ ಕೆಲಸ. ತೂಬು ಎತ್ತುವುದು, ಯಾರ ಗದ್ದೆಗೆ ಯಾವ ಹೊತ್ತು ನೀರು ಎಂದು ಹಂಚುವುದು, ಮಳೆ ಜೋರಾದ ರಾತ್ರಿ ಏರಿಯ ಮೇಲೆ ಓಡಾಡಿ ಬಿರುಕು ನೋಡುವುದು. ಚಿಕ್ಕಪ್ಪನಿಗೆ ವಯಸ್ಸಾಗಿದೆ. ಅಚ್ಚುಕಟ್ಟಿನಲ್ಲಿ ಭತ್ತ ಹೋಗಿ ಟೊಮೆಟೊ ಬಂದಿದೆ, ನೀರು ಹಂಚುವ ಕೆಲಸ ಉಳಿದಿಲ್ಲ. ಕೆರೆ ಮಾತ್ರ ಅವರ ತಲೆಯಲ್ಲಿ ಪೂರ್ತಿ ಇದೆ.

ಕ್ಯೂಜಿಐಎಸ್ ತೆರೆದು ಹೊಸ ಲೇಯರ್ ಮಾಡುವಾಗ ಅದು ಮೊದಲು ಕೇಳುವುದು ಇದು ಬಿಂದುವೋ, ಗೆರೆಯೋ, ಪಾಲಿಗಾನೋ ಎಂದು. ಕೆರೆಯನ್ನು ಇಟ್ಟುಕೊಂಡು ಕಲಿತವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ತೂಬು ಬಿಂದು. ಏರಿ, ಕಾಲುವೆ ಗೆರೆ. ಕೆರೆಯಂಗಳ, ಅಚ್ಚುಕಟ್ಟು ಪಾಲಿಗಾನ್. ಒಂದೊಂದು ಬಗೆಗೆ ಒಂದೊಂದು ಲೇಯರ್, ಎಡಗಡೆಯ ಪಟ್ಟಿಯಲ್ಲಿ ಮೇಲಿರುವುದು ನಕಾಶೆಯಲ್ಲೂ ಮೇಲೆ. ಪ್ರತಿ ಆಕೃತಿಯ ಹಿಂದೆ ಅಟ್ರಿಬ್ಯೂಟ್ ಟೇಬಲ್ಲಿನ ಒಂದು ಸಾಲು. ಪಡುವಣ ತೂಬು ಎಂಬ ಬಿಂದುವಿನ ಸಾಲಿನಲ್ಲಿ ಅದರ ಹೆಸರು, ಕಲ್ಲಿನದೋ ಕಾಂಕ್ರೀಟಿನದೋ, ಈಗ ತೆರೆಯುತ್ತದೋ ಇಲ್ಲವೋ ಎಂಬುದನ್ನೆಲ್ಲ ಬರೆಯಬಹುದು. ಚಿಕ್ಕಪ್ಪ ಪಕ್ಕದಲ್ಲಿ ಕೂತು ಹೇಳುತ್ತ ಹೋದರು, ನಾನು ತುಂಬುತ್ತ ಹೋದೆ. ಕಾಲುವೆಯ ಗೆರೆ ಎಳೆಯುವಾಗ ಅವರು ನೀರು ಹರಿಯುವ ದಿಕ್ಕಿನಲ್ಲೇ ಎಳೆಯಲು ಹೇಳಿದರು. ಸಾಫ್ಟ್‌ವೇರ್ ಕೂಡ ಗೆರೆಯ ಮೊದಲ ಚುಕ್ಕಿಯಿಂದ ಕೊನೆಯ ಚುಕ್ಕಿಗೆ ದಿಕ್ಕನ್ನು ನೆನಪಿಟ್ಟುಕೊಳ್ಳುತ್ತದೆ ಎನ್ನುವುದು ಅವರಿಗೆ ಗೊತ್ತಿರಲಿಲ್ಲ. ನೀರು ಹಂಚಿದವರಿಗೆ ಕಾಲುವೆ ಎಂದರೆ ದಿಕ್ಕೇ.

ತೊಡಕು ಬಂದದ್ದು ಕೆರೆಯಂಗಳದಲ್ಲಿ. ಹಿಂದೆ ಉಪಗ್ರಹ ಚಿತ್ರ ಹಾಕಿಕೊಂಡು, ನೀರಿನ ಅಂಚು ಹಿಡಿದು ಸುತ್ತಲೂ ಚುಕ್ಕಿ ಇಡುತ್ತ ಹೋಗುವುದೇ ಡಿಜಿಟೈಸ್ ಮಾಡುವ ಕ್ರಮ. ನೋಡುತ್ತಿದ್ದ ಚಿಕ್ಕಪ್ಪ ಕೇಳಿದರು: “ಯಾವ ತಿಂಗಳ ಕೆರೆ ಬರೀತಿದ್ದೀಯಪ್ಪ ನೀನು?”

ಪುಸ್ತಕ ಕೇಳದ ಪ್ರಶ್ನೆ ಅದು. ಆ ಚಿತ್ರ ಬೇಸಿಗೆಯದು, ನೀರು ಏರಿಯ ಕಡೆಗೆ ಸರಿದು ಅಂಗಳದ ಒಂದು ಮೂಲೆಯಲ್ಲಿ ನಿಂತಿತ್ತು.

“ನೀರು ನಿಂತಿರೋದಷ್ಟೇ ಕೆರೆ ಅಲ್ಲ ಕಣಪ್ಪ. ಕೋಡಿ ಮಟ್ಟಕ್ಕೆ ನೀರು ಬಂದಾಗ ಎಲ್ಲೆಲ್ಲಿ ಒದ್ದೆ ಆಗ್ತದೋ ಅಷ್ಟೂ ಕೆರೇನೇ.”

ಇಂಜಿನಿಯರುಗಳು ಪೂರ್ಣ ಜಲಮಟ್ಟ ಎನ್ನುವುದು ಇದನ್ನೇ. ಹಾಗಾದರೆ ಆ ಮಟ್ಟದ ಅಂಚು ಎಲ್ಲಿದೆ? 2000ದ ಫೆಬ್ರುವರಿಯಲ್ಲಿ ಅಮೆರಿಕದ ಎಂಡೆವರ್ ನೌಕೆ ರೇಡಾರ್ ಹೊತ್ತು ಭೂಮಿ ಸುತ್ತಿ ಎತ್ತರಗಳನ್ನು ಅಳೆಯಿತು. ಆ ಮಾಹಿತಿ ಈಗ 30 ಮೀಟರ್ ಚೌಕಗಳಲ್ಲಿ ಉಚಿತವಾಗಿ ಸಿಗುತ್ತದೆ. ಅದನ್ನು ತಂದು ಸಮೋನ್ನತ ರೇಖೆ ತೆಗೆಸಿದರೆ ಕೆರೆಯ ಅಂಚು ಸಿಕ್ಕೀತು ಎಂದು ಯಾರಿಗಾದರೂ ಅನಿಸುತ್ತದೆ. ಸಿಗುವುದಿಲ್ಲ. ಅದರ ಒಂದು ಚೌಕ ಸುಮಾರು ಒಂಬತ್ತು ಗುಂಟೆ, ಎತ್ತರದಲ್ಲಿ ಕೆಲವು ಮೀಟರ್ ಆಚೀಚೆ ಇರಬಹುದು. ಚಿಕ್ಕ ಕೆರೆಯ ಏರಿಯ ಎತ್ತರವೇ ಮೂರು ನಾಲ್ಕು ಮೀಟರ್. ಮೇಲಾಗಿ ಆ ರೇಡಾರ್ ನೀರಿನೊಳಗೆ ಇಳಿಯುವುದಿಲ್ಲ. ದೊಡ್ಡ ಜಲಾನಯನದ ಇಳಿಜಾರು ತಿಳಿಯಲು ಅದು ಒಳ್ಳೆಯ ಸಾಧನ, ಊರ ಕೆರೆಯ ದಂಡೆ ಹೇಳಲು ಅಲ್ಲ. ದಂಡೆಗೆ ನಡೆದೇ ಹೋಗಬೇಕು. ಫೋನಿನಲ್ಲಿ ಕ್ಯೂಫೀಲ್ಡ್ ಎಂಬ ಆ್ಯಪ್ ಹಾಕಿಕೊಂಡು, ಕೋಡಿಯಿಂದ ಹೊರಟು, ಹಿಂದೆ ಕೆರೆ ತುಂಬಿದಾಗ ನೀರು ಎಲ್ಲಿಯವರೆಗೆ ಬಂದಿತ್ತೆಂದು ಚಿಕ್ಕಪ್ಪ ತೋರಿಸಿದಲ್ಲೆಲ್ಲ ಒಂದು ಚುಕ್ಕಿ ಇಟ್ಟೆ. ಫೋನಿನ ಜಿಪಿಎಸ್‌ನಲ್ಲಿ ಐದು ಮೀಟರಿನಷ್ಟು ವ್ಯತ್ಯಾಸ ಸಹಜ. ಬಂಡೆಯ ಮೇಲಿನ ಕೆಂಪು ಕರೆ, ಹೊಂಗೆ ಮರದ ಬೇರು, ಒಂದು ಕಡೆ ಯಾರದೋ ತಂತಿಬೇಲಿಯ ಒಳಗೆ ಸೇರಿಹೋದ ಹಳೆಯ ಮಟ್ಟದ ಕಲ್ಲು ಎಲ್ಲವೂ ಹಾಗೇ ಲೇಯರಿಗೆ ಬಂದವು.

ಮೂರನೆಯದೊಂದು ಅಂಚೂ ಇದೆ, ಕಂದಾಯದ ದಾಖಲೆಯದು. ಕೆರೆಗೂ ಒಂದು ಸರ್ವೆ ನಂಬರ್ ಇರುತ್ತದೆ, ಆಕಾರಬಂದಿನಲ್ಲಿ ಇಷ್ಟು ಎಕರೆ ಇಷ್ಟು ಗುಂಟೆ ಎಂದು ಬರೆದಿರುತ್ತದೆ. ನಮ್ಮ ಗ್ರಾಮ ನಕಾಶೆಗಳ ಅಳತೆ 1:7920. ಈ ಸಂಖ್ಯೆ ಸುಮ್ಮನೆ ಬಂದದ್ದಲ್ಲ. ನಮ್ಮ ಸರ್ವೇಯರುಗಳ ಸರಪಳಿ 33 ಅಡಿ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಎಂದರೆ 1,089 ಚದರಡಿ, ಅದೇ ಒಂದು ಗುಂಟೆ. ನಲವತ್ತು ಗುಂಟೆಗೆ ಎಕರೆ. ಇಪ್ಪತ್ತು ಸರಪಳಿಯನ್ನು ಕಾಗದದ ಮೇಲೆ ಒಂದು ಅಂಗುಲ ಮಾಡಿದರೆ 660 ಅಡಿ ಒಂದು ಅಂಗುಲವಾಗುತ್ತದೆ, ಅಂಗುಲದಲ್ಲಿ ಹೇಳಿದರೆ 7,920. ಸರಪಳಿ ಎಳೆದವರ ಕೈಯ ಲೆಕ್ಕ ಇಂದಿಗೂ ಆ ಹಾಳೆಯಲ್ಲಿ ಹಾಗೇ ಕೂತಿದೆ.

ಸ್ಕ್ಯಾನಾದ ಹಾಳೆಗೆ ತಾನು ಭೂಮಿಯ ಮೇಲೆ ಎಲ್ಲಿದ್ದೇನೆಂದು ಗೊತ್ತಿರುವುದಿಲ್ಲ. ಹೇಳಿಕೊಡಬೇಕು, ಅದಕ್ಕಿರುವುದು ಜಿಯೊರೆಫರೆನ್ಸರ್. ಹಾಳೆಯಲ್ಲೂ ನೆಲದಲ್ಲೂ ಗುರುತು ಸಿಗುವ ಜಾಗಗಳನ್ನು ಹುಡುಕಿ ಒಂದಕ್ಕೊಂದು ಜೋಡಿಸುವುದು. ಮೂರು ಊರುಗಳ ಗಡಿ ಕೂಡುವ ಕಲ್ಲು, ಏರಿಯ ಎರಡು ತುದಿ, ಹಳೆಯ ಗುಡಿ, ಬಂಡಿದಾರಿ ತಿರುಗುವ ಜಾಗ. ಇಲ್ಲಿ ತಾಳ್ಮೆ ಬೇಕು. ಬಿಂದುಗಳೆಲ್ಲ ಒಂದೇ ಮೂಲೆಯಲ್ಲಿ ಗುಂಪಾಗಿದ್ದರೆ ಉಳಿದ ಮೂಲೆಗಳು ಎಲ್ಲೆಲ್ಲೋ ಹೋಗುತ್ತವೆ. ಜೋಡಿಸುವ ಸೂತ್ರಗಳಲ್ಲಿ ಥಿನ್ ಪ್ಲೇಟ್ ಸ್ಪ್ಲೈನ್ ಎನ್ನುವುದೊಂದಿದೆ. ಅದು ಕೊಟ್ಟ ಬಿಂದುಗಳಿಗೆ ಹಾಳೆಯನ್ನು ಕರಾರುವಾಕ್ಕಾಗಿ ಎಳೆದು ಕೂರಿಸಿ, ನಡುವಿನ ಭಾಗವನ್ನು ಹೇಗೆ ಬೇಕಾದರೂ ಬಾಗಿಸಿಬಿಡಬಹುದು. ವ್ಯತ್ಯಾಸ ಸೊನ್ನೆ ಎಂದು ತೋರುವುದರಿಂದ ಹೊಸಬರಿಗೆ ಅದೇ ಇಷ್ಟ. ಸರಪಳಿಯಲ್ಲಿ ಅಳೆದ ಗ್ರಾಮ ನಕಾಶೆಗೆ ಸಾದಾ ಸೂತ್ರವೇ ಮೇಲು ಎನ್ನುವುದು ನನ್ನ ಅಭಿಪ್ರಾಯ. ಯಾವ ಬಿಂದು ಎಷ್ಟು ಮೀಟರ್ ತಪ್ಪಿದೆ ಎಂದು ಅದು ಪಟ್ಟಿಯಲ್ಲಿ ತೋರಿಸುತ್ತದೆ. ಹೆಚ್ಚು ತಪ್ಪಿದ ಬಿಂದುವಿನ ಬಳಿಗೆ ಹೋಗಿ ನೋಡಿದರೆ ಕಲ್ಲನ್ನೇ ಯಾರೋ ಸರಿಸಿರುವುದು ತಿಳಿಯಬಹುದು.

ಇಷ್ಟು ಮಾಡಿದ ಮೇಲೆ ಲೇಯರುಗಳು ಒಂದರ ಮೇಲೊಂದು ಕೂರಬೇಕು. ಎಷ್ಟೋ ಸಲ ಕೂರುವುದಿಲ್ಲ, ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುತ್ತದೆ. ಕಾರಣ ಪ್ರೊಜೆಕ್ಷನ್. ಕಲಿಯುವವರು ಹೆಚ್ಚು ಬೇಸರ ಪಡುವ ಪಾಠ ಇದು, ನನಗೆ ಎಲ್ಲಕ್ಕಿಂತ ಪ್ರಿಯವಾದದ್ದೂ ಇದೇ. ಜಿಪಿಎಸ್ ಕೊಡುವುದು ಅಕ್ಷಾಂಶ ರೇಖಾಂಶ, ಅದರ ಸಂಕೇತ ಇಪಿಎಸ್‌ಜಿ 4326. ಅದು ಡಿಗ್ರಿಯ ಲೆಕ್ಕ. ಮೀಟರಿನಲ್ಲಿ ಅಳೆಯಬೇಕಾದರೆ ದುಂಡು ಭೂಮಿಯನ್ನು ಚಪ್ಪಟೆ ಮಾಡಬೇಕು. ಯುಟಿಎಂ ಪದ್ಧತಿ ಭೂಮಿಯನ್ನು ಆರಾರು ಡಿಗ್ರಿಯ 60 ಪಟ್ಟಿಗಳಾಗಿ ಸೀಳಿ ಒಂದೊಂದನ್ನೂ ಬೇರೆಯಾಗಿ ಹಾಸುತ್ತದೆ. 72ರಿಂದ 78 ಡಿಗ್ರಿ ಪೂರ್ವ ರೇಖಾಂಶದವರೆಗೆ 43ನೆಯ ಪಟ್ಟಿ, ಅಲ್ಲಿಂದ 84ರವರೆಗೆ 44ನೆಯದು. ಕಾರವಾರ, ಕಲಬುರಗಿ, ಮೈಸೂರು, ಬೆಂಗಳೂರು ಎಲ್ಲ 43ರಲ್ಲಿ. ಹಾಗಾಗಿ ಕರ್ನಾಟಕದಲ್ಲಿ ಎಲ್ಲರೂ ಕಣ್ಣು ಮುಚ್ಚಿ ಆ ಪಟ್ಟಿಯ ಸಂಕೇತ 32643 ಎಂದು ಹಾಕುತ್ತಾರೆ. ಆದರೆ 78ನೆಯ ರೇಖೆ ನಮ್ಮ ಜಿಲ್ಲೆಯನ್ನೇ ಸೀಳಿಕೊಂಡು ಹೋಗುತ್ತದೆ. ಮಾಲೂರು 43ರಲ್ಲಿ, ಕೋಲಾರ ಪಟ್ಟಣ, ಬಂಗಾರಪೇಟೆ, ಮುಳಬಾಗಿಲು 44ರಲ್ಲಿ.

ವಿಲಿಯಂ ಲ್ಯಾಂಬ್ಟನ್ ಶುರು ಮಾಡಿದ ಭಾರತದ ದೊಡ್ಡ ಅಳತೆ ಮುಂದೆ ಸಾಗಿದ್ದು ಈ ರೇಖೆಯ ಆಸುಪಾಸಿನಲ್ಲೇ. 1802ರಲ್ಲಿ ಮದರಾಸಿನಲ್ಲಿ ಒಂದು ತಳರೇಖೆಯನ್ನು ಸರಪಳಿಯಿಂದ ಅಳೆದು, ತ್ರಿಕೋನಗಳನ್ನು ಹೆಣೆಯುತ್ತ ಪಶ್ಚಿಮಕ್ಕೆ ಬಂದು, 1804ರಲ್ಲಿ ಬೆಂಗಳೂರಿನ ಹತ್ತಿರ ಇನ್ನೊಂದು ತಳರೇಖೆ ಅಳೆದು ತಾಳೆ ನೋಡಿದರು. ಮದರಾಸಿನಿಂದ ಲೆಕ್ಕ ಹಾಕಿ ತಂದ ಉದ್ದಕ್ಕೂ ನೆಲದ ಮೇಲೆ ಅಳೆದ ಉದ್ದಕ್ಕೂ ನಾಲ್ಕು ಅಂಗುಲದಷ್ಟೂ ವ್ಯತ್ಯಾಸ ಇರಲಿಲ್ಲ. ಆ ಕೆಲಸ ಮುಂದುವರಿಸಿದ ಜಾರ್ಜ್ ಎವರೆಸ್ಟ್ 1830ರಲ್ಲಿ ಭೂಮಿಯ ಆಕಾರಕ್ಕೆ ಕೊಟ್ಟ ಅಂಕಿಗಳ ಮೇಲೆ ನಮ್ಮ ಹಳೆಯ ಟೋಪೋಶೀಟುಗಳು ನಿಂತಿವೆ. ಕೋಲಾರ ಪಟ್ಟಣವಿರುವ 57 ಕೆ/4 ಹಾಳೆಯನ್ನು ಇಂದಿನ ಜಿಪಿಎಸ್ ಲೆಕ್ಕಕ್ಕೆ ತಿರುಗಿಸದೆ ಹಾಗೇ ಹಾಕಿದರೆ ಎಲ್ಲವೂ ಇನ್ನೂರು ಮೀಟರಿನ ಆಸುಪಾಸು ಜರುಗಿ ಕೂರುತ್ತದೆ. ಎರಡು ಕಾಲದ ಅಳತೆಗಾರರು ಎರಡು ಭೂಮಿಗಳನ್ನು ಹಿಡಿದುಕೊಂಡಿದ್ದಾರೆ, ಹಳೆಯವರು ಹಿಡಿದ ಭೂಮಿ ಯಾವುದೆಂದು ಸಾಫ್ಟ್‌ವೇರಿಗೆ ಹೇಳಿದರೆ ಸಾಕು, ತಾನೇ ಹೊಂದಿಸುತ್ತದೆ.

ಪ್ರೊಜೆಕ್ಷನ್ ಬೆಲೆ ತಿಳಿಯುವುದು ವಿಸ್ತೀರ್ಣ ಕೇಳಿದಾಗ. ಫೀಲ್ಡ್ ಕ್ಯಾಲ್ಕುಲೇಟರಿನಲ್ಲಿ ಇದಕ್ಕೆ ಎರಡು ದಾರಿ. ಡಾಲರ್ ಗುರುತಿನ ಏರಿಯಾ ಎನ್ನುವುದು ಭೂಮಿಯ ದುಂಡುತನವನ್ನು ಲೆಕ್ಕಕ್ಕೆ ತೆಗೆದುಕೊಂಡು ಹೇಳುತ್ತದೆ. ಬರೀ ಏರಿಯಾ ಎನ್ನುವುದು ಹಾಸಿದ ಹಾಳೆಯ ಮೇಲೆ ಅಳೆದು ಹೇಳುತ್ತದೆ. ನೂರು ಎಕರೆಯ ಕೆರೆ ಇದೆ ಎನ್ನಿ. ಅಂತರಜಾಲದ ನಕಾಶೆಗಳು ಬಳಸುವ ವೆಬ್ ಮರ್ಕೇಟರ್‌ನಲ್ಲಿ ಹಾಳೆಯ ಮೇಲೆ ಅಳೆದರೆ ನಮ್ಮ ಅಕ್ಷಾಂಶದಲ್ಲಿ ಅದು 105 ಎಕರೆಯಾಗುತ್ತದೆ. ಯುಟಿಎಂ ಪಟ್ಟಿಯಲ್ಲಿ ಅಳೆದರೂ ನಾವು ಪಟ್ಟಿಯ ಅಂಚಿನಲ್ಲಿರುವುದರಿಂದ ಆರೇಳು ಗುಂಟೆ ಹೆಚ್ಚು ಬರುತ್ತದೆ. 4326ರಲ್ಲಿ ಅಳೆದರೆ ಚದರ ಡಿಗ್ರಿಯಲ್ಲಿ ಉತ್ತರ ಬರುತ್ತದೆ, ಅದರಿಂದ ಯಾರಿಗೂ ಉಪಯೋಗವಿಲ್ಲ. ಕೆರೆ ಒತ್ತುವರಿಯ ವರದಿಗಳಲ್ಲಿ ಎಕರೆ ಗುಂಟೆ ಓದುವಾಗೆಲ್ಲ ಇದನ್ನು ಯಾವ ಪ್ರೊಜೆಕ್ಷನ್‌ನಲ್ಲಿ ಅಳೆದರು ಎಂದು ಕೇಳಬೇಕೆನಿಸುತ್ತದೆ. ಐದು ಎಕರೆ ಸಣ್ಣ ಮಾತಲ್ಲ.

ಹೀಗೆ ನನ್ನ ಬಳಿ ಕೆರೆಗೆ ಮೂರು ಪಾಲಿಗಾನುಗಳಾದವು: ದಾಖಲೆಯ ಕೆರೆ, ಕೋಡಿ ಮಟ್ಟದ ಕೆರೆ, ಇವತ್ತು ನೀರಿರುವ ಕೆರೆ. ಮೂರನ್ನೂ ಬೇರೆ ಬೇರೆ ಲೇಯರುಗಳಾಗಿಯೇ ಇಟ್ಟುಕೊಳ್ಳಬೇಕು. ಒಂದು ಮಾಡಿಬಿಟ್ಟರೆ ಕೆರೆ ಸಣ್ಣದಾದದ್ದು ಯಾರಿಗೂ ಕಾಣುವುದಿಲ್ಲ. ಡಿಫರೆನ್ಸ್ ಎಂಬ ಸಾಧನಕ್ಕೆ ದಾಖಲೆಯ ಕೆರೆಯಿಂದ ಈಗ ತೆರವಾಗಿ ಉಳಿದಿರುವ ಅಂಗಳವನ್ನು ಕಳೆ ಎಂದರೆ, ಉಳಿಯುವ ತುಂಡುಗಳು ಕಾಲಕ್ರಮದಲ್ಲಿ ಬೇರೆಯವರ ಕೈಸೇರಿದ ನೆಲ. ಅವುಗಳಿಗೆ ಕೆಂಪು ಬಣ್ಣ ಹಚ್ಚುವ ಮೊದಲು ಒಂದು ಲೆಕ್ಕ ನೆನಪಿರಲಿ. 1:7920ರ ಹಾಳೆಯಲ್ಲಿ ಅರ್ಧ ಮಿಲಿಮೀಟರ್ ದಪ್ಪದ ಮಸಿಗೆರೆ ನೆಲದ ಮೇಲೆ ನಾಲ್ಕು ಮೀಟರ್. ಅದರೊಳಗಿನ ವ್ಯತ್ಯಾಸಕ್ಕೆ ಪಕ್ಕದ ಹೊಲದವನ ಮೇಲೆ ಬೆರಳು ತೋರಿಸುವುದು ಅನ್ಯಾಯ. ನಲವತ್ತು ಮೀಟರ್ ಒಳಗೆ ಬಂದಿರುವ ಲೇಔಟಿನ ರಸ್ತೆಯ ವಿಷಯ ಬೇರೆ.

ನೀರಿರುವ ಕೆರೆಯನ್ನು ಕೈಯಲ್ಲಿ ಬರೆಯಬೇಕಾಗಿಲ್ಲ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳು ಕೆಲವೇ ದಿನಗಳಿಗೊಮ್ಮೆ ನಮ್ಮ ಮೇಲೆ ಹಾದುಹೋಗುತ್ತವೆ, ಚಿತ್ರಗಳು ಉಚಿತ. ಅವುಗಳ ಹಸಿರು ಮತ್ತು ಅವಕೆಂಪು ಪಟ್ಟಿಗಳಲ್ಲಿ ಒಂದೊಂದು ಪಿಕ್ಸೆಲ್ 10 ಮೀಟರ್ ಉದ್ದ, 10 ಮೀಟರ್ ಅಗಲ, ಅಂದರೆ 100 ಚದರ ಮೀಟರ್. ಗುಂಟೆ ಎಂದರೆ 101 ಚದರ ಮೀಟರಿಗೆ ಚೂರು ಹೆಚ್ಚು. ಒಂದು ಪಿಕ್ಸೆಲ್, ಹೆಚ್ಚು ಕಡಿಮೆ ಒಂದು ಗುಂಟೆ! ಇದು ಹೊಳೆದ ದಿನ ಚಿಕ್ಕಪ್ಪನಿಗೆ ಎಲ್ಲಕ್ಕಿಂತ ಮೊದಲು ಇದನ್ನೇ ಹೇಳಿದೆ, ಅವರಿಗೂ ತುಂಬ ಹಿಡಿಸಿತು. ನೀರು ಅವಕೆಂಪು ಬೆಳಕನ್ನು ಹೀರುತ್ತದೆ, ಗಿಡಗಳು ಅದನ್ನು ಜೋರಾಗಿ ಚೆಲ್ಲುತ್ತವೆ. ರಾಸ್ಟರ್ ಕ್ಯಾಲ್ಕುಲೇಟರಿನಲ್ಲಿ ಹಸಿರಿನಿಂದ ಅವಕೆಂಪನ್ನು ಕಳೆದು, ಎರಡರ ಮೊತ್ತದಿಂದ ಭಾಗಿಸಿದರೆ ಸಾಮಾನ್ಯವಾಗಿ ನೀರಿರುವಲ್ಲಿ ಸೊನ್ನೆಗಿಂತ ಮೇಲಿನ ಸಂಖ್ಯೆ, ಉಳಿದೆಡೆ ಕೆಳಗಿನದು. ಮೇಲಿರುವ ಪಿಕ್ಸೆಲುಗಳನ್ನು ಎಣಿಸಿ ನಲವತ್ತರಿಂದ ಭಾಗಿಸಿದರೆ ನೀರು ನಿಂತ ಎಕರೆ. ಮುಂಗಾರಿನ ಮೊದಲು, ಹಿಂಗಾರಿನ ನಂತರ ಹೀಗೆ ಎಣಿಸುತ್ತ ಹೋದರೆ ಕೆರೆ ವರ್ಷವಿಡೀ ಹೇಗೆ ಹಿಗ್ಗಿ ಕುಗ್ಗುತ್ತದೆಂದು ತಿಳಿಯುತ್ತದೆ.

ಆದರೂ ನೋಡಿಬರಲೇಬೇಕು. ಜೊಂಡು ಮುಚ್ಚಿದ ನೀರನ್ನು ಈ ಲೆಕ್ಕ ನೆಲವೆನ್ನುತ್ತದೆ, ಅಂಗಳದಲ್ಲಿ ನಿಂತ ನೀರಿನ ಮೇಲೆ ಜಾಲಿಯ ಕೊಂಬೆ ಹರಡಿದ್ದರೂ ಹಾಗೇ. ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಮಾತಿದೆ. 2018ರ ಜೂನ್‌ನಲ್ಲಿ ಕೆಸಿ ವ್ಯಾಲಿ ಯೋಜನೆಯ ನೀರು, ಬೆಂಗಳೂರಿನ ಕೊಳಚೆಯನ್ನು ಎರಡು ಹಂತ ಶುದ್ಧ ಮಾಡಿ ಕೊಳವೆಯಲ್ಲಿ ಕಳಿಸಿದ ನೀರು, ಲಕ್ಷ್ಮೀಸಾಗರ ಕೆರೆಗೆ ಬಂತು. ಅಲ್ಲಿಂದ ಕೆರೆಯಿಂದ ಕೆರೆಗೆ ಹರಿಯಿತು. ಆಮೇಲಿನ ವರ್ಷಗಳಲ್ಲಿ ಏಪ್ರಿಲ್ ಚಿತ್ರದಲ್ಲಿ ತುಂಬಿದ ಕೆರೆ ಕಂಡರೆ ಅದು ಮಳೆಯ ಗುಣ ಎಂದುಕೊಳ್ಳುವ ಹಾಗಿಲ್ಲ. ಅದಕ್ಕೇ ನಮ್ಮ ಟೇಬಲ್ಲಿನಲ್ಲಿ ನೀರಿನ ಮೂಲ ಎಂದು ಒಂದು ಕಾಲಂ ಹಾಕಿದ್ದೇನೆ. ಉಪಗ್ರಹಕ್ಕೆ ಅದು ಗೊತ್ತಾಗುವುದಿಲ್ಲ, ಊರಿನವರಿಗೆ ಗೊತ್ತಿರುತ್ತದೆ.

ಆಕೃತಿಯ ಸುತ್ತ ಇಷ್ಟು ದೂರದ ಪಟ್ಟಿ ಎಳೆಯುವ ಬಫರ್, ಬೇಕಾದಷ್ಟನ್ನು ಕತ್ತರಿಸಿ ತೆಗೆಯುವ ಕ್ಲಿಪ್ ಇವೆಲ್ಲ ಬೇಗ ಬರುತ್ತವೆ. ಬಫರ್ ಹಾಕುವಾಗ ಲೇಯರ್ ಮೀಟರಿನಲ್ಲಿರಲಿ, ಇಲ್ಲವಾದರೆ 30 ಎಂದರೆ 30 ಡಿಗ್ರಿ ಎಂದಾಗಿ ಅರಬ್ಬೀ ಸಮುದ್ರವೂ ಕೆರೆಯ ದಂಡೆಯೊಳಗೆ ಬಂದುಬಿಡುತ್ತದೆ. ಬೆಂಗಳೂರಿನ ಕೆರೆಗಳಿಗೆ 30 ಮೀಟರ್ ಇದ್ದ ದಂಡೆಯನ್ನು ಹಸಿರು ನ್ಯಾಯಮಂಡಳಿ 2016ರಲ್ಲಿ 75 ಮಾಡಿತ್ತು, ಸುಪ್ರೀಂ ಕೋರ್ಟ್ 2019ರಲ್ಲಿ ಅದನ್ನು ರದ್ದು ಮಾಡಿತು. ಎರಡೂ ಬಫರುಗಳನ್ನು ಒಂದು ಕೆರೆಯ ಸುತ್ತ ಹಾಕಿ ನೋಡಿ, ಆ ವ್ಯಾಜ್ಯದ ತೂಕ ಗೊತ್ತಾಗುತ್ತದೆ.

ಕನ್ನಡದ ವಿಷಯ ಹೇಳಲೇಬೇಕು. ಶೇಪ್‌ಫೈಲ್ ಎಂಬ ಹಳೆಯ ಮಾದರಿಯಲ್ಲಿ ಕಾಲಮ್ಮಿನ ಹೆಸರಿಗೆ ಹತ್ತು ಬೈಟ್ ಮಾತ್ರ ಜಾಗ. ಯುನಿಕೋಡಿನಲ್ಲಿ ಕನ್ನಡದ ಒಂದು ಸಂಕೇತಕ್ಕೆ ಮೂರು ಬೈಟ್ ಬೇಕು, ಹಾಗಾಗಿ ‘ಅಚ್ಚುಕಟ್ಟು’ ಎಂದು ಬರೆಯಲು ಹೋದರೆ ಮೊದಲ ಒತ್ತಕ್ಷರ ಮುಗಿಯುವ ಮುಂಚೆಯೇ ಜಾಗ ತೀರುತ್ತದೆ. ಜಿಯೊಪ್ಯಾಕೇಜಿನಲ್ಲಿ ಈ ಇಕ್ಕಟ್ಟಿಲ್ಲ, ಹೊಸಬರು ಮೊದಲಿನಿಂದಲೂ ಅದನ್ನೇ ಬಳಸಲಿ. ಹಳೆಯ ನುಡಿ ಫಾಂಟಿನಲ್ಲಿ ಬೆರಳಚ್ಚಾದ ಪಟ್ಟಿಗಳು ಸಿಕ್ಕರೆ ಯುನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು, ಇಲ್ಲವಾದರೆ ಊರ ಹೆಸರುಗಳ ಜಾಗದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳು ಬರುತ್ತವೆ. ಕೆರೆಯ ಮೇಲೆ ಕೆರೆಯ ಹೆಸರು ಕನ್ನಡದಲ್ಲಿ ಕಂಡರೆ ಮಾತ್ರ ಊರಿನವರು ಆ ಹಾಳೆಯನ್ನು ಕೈಗೆತ್ತಿಕೊಂಡು ಓದುತ್ತಾರೆ.

ಆ ಹಾಳೆ ತಯಾರಾಗುವುದು ಪ್ರಿಂಟ್ ಲೇಔಟಿನಲ್ಲಿ. ಅಳತೆ ಪಟ್ಟಿ, ಉತ್ತರ ದಿಕ್ಕು, ಬಣ್ಣಗಳ ಅರ್ಥ, ಯಾವ ದಿನದ ಚಿತ್ರ, ಯಾವ ಪ್ರೊಜೆಕ್ಷನ್ ಎಲ್ಲವನ್ನೂ ಬರೆದು, ಅಳತೆಯನ್ನು 1:7920 ಎಂದೇ ಇಟ್ಟೆ. ಹಾಗಿಟ್ಟರೆ ಕಚೇರಿಯ ಗ್ರಾಮ ನಕಾಶೆಯ ಮೇಲೆ ನಮ್ಮ ಹಾಳೆಯನ್ನು ಇಟ್ಟು ಬೆಳಕಿಗೆ ಹಿಡಿದು ಯಾರು ಬೇಕಾದರೂ ತಾಳೆ ನೋಡಬಹುದು. ಚಿಕ್ಕಪ್ಪ ಹಾಳೆಯ ಮೇಲೆ ಬೆರಳಾಡಿಸಿ, ಮೂಡಣ ತೂಬಿನಿಂದ ಹೊರಟ ಕಾಲುವೆ ಮಾವಿನ ತೋಪಿನ ಹತ್ತಿರ ಎರಡಾಗಿ ಒಡೆಯುತ್ತಿತ್ತು, ಒಂದೇ ಬರೆದಿದ್ದೀಯ ಎಂದರು. ಈಗ ಅಲ್ಲಿ ಕಾಲುವೆ ಕಾಣುವುದಿಲ್ಲ, ಟೊಮೆಟೊ ಸಾಲುಗಳಿವೆ. ಆ ಗೆರೆಯನ್ನು ಬೇರೆ ಬಣ್ಣದಲ್ಲಿ ಸೇರಿಸಿ, ಆಧಾರ ಎಂಬ ಕಾಲಮ್ಮಿನಲ್ಲಿ ‘ನೀರುಗಂಟಿಯ ಹೇಳಿಕೆ’ ಎಂದು ದಾಖಲಿಸಿದ್ದೇನೆ. ಸರ್ವೆಯ ಟಿಪ್ಪಣಿ ಪುಸ್ತಕದ ನಕಲು ತೆಗೆಸಿ ತಾಳೆ ನೋಡಬೇಕು. ಕೆಳಗಿನ ಊರಿನ ಹುಡುಗರೂ ಅವರ ಕೆರೆಯ ಫೈಲ್ ಕಳಿಸಿದ್ದಾರೆ, 32643ರಲ್ಲಿ. ಅದನ್ನು 44ನೆಯ ಪಟ್ಟಿಗೆ ತಿರುಗಿಸಿ, ನಮ್ಮ ಕೋಡಿಯಿಂದ ಅವರ ಕೆರೆಗೆ ಹೋಗುವ ರಾಜಕಾಲುವೆಯ ಎರಡು ತುದಿಗಳನ್ನು ಸ್ನ್ಯಾಪ್ ಮಾಡಿ ಒಂದೇ ಗೆರೆಯಾಗಿಸುವುದು ಈ ವಾರದ ಕೆಲಸ.